ಜರೀನಾ ಹಾಕಿದ ಹೆಪ್ಪು

ಅಣ್ಣಿಗೇರಿ
ಗುರುವಾರ, ೧೦ ನವೆಂಬರ್ ೧೯೮೮

ನವಲಗುಂದದ ಜರೀನಾಗೆ, ಹೊಟ್ಟೆ ಉರಿದುಕೊಂಡು ಕೂತಿರುವ ಗೌರಾಳ ಸಲಾಮು.

ಕ್ಷೇಮವೇ ಎಂದು ಕೇಳುವುದಿಲ್ಲ. ನೀನು ಎಲ್ಲಿದ್ದರೂ ಕ್ಷೇಮವಾಗಿಯೇ ಇರುತ್ತೀ, ಅದೇ ನನ್ನ ತಕರಾರು. ಹತ್ತಿ ಸೊಸಾಯಿಟಿಯ ಹಿಂದಿನ ಕೋಣೆಯಲ್ಲಿ ನಾವಿಬ್ಬರೂ ಎರಡು ವರ್ಷ ಕೂತು ಕಟ್ಟಿದ ಪ್ಯಾಸ್ಕಲ್ ಕಂಪೈಲರ್ ಈಗ ತನ್ನ ಕಾಲ ಮೇಲೆ ತಾನು ನಿಂತಿದೆ. ಸೊಸಾಯಿಟಿಗೆ ಈ ಕಂಪ್ಯೂಟರ್ ಯಂತ್ರ ಮಾರಿದ ಪುಣೆಯ ಕಂಪನಿಯವನು ಮುಂದಿನ ಸೋಮವಾರ ಅದನ್ನು ನೋಡಲು ಬರುತ್ತಾನೆ. ಒಪ್ಪಿದರೆ ಅವರ ಯಂತ್ರ ಹೋದ ಊರಿಗೆಲ್ಲ ನಮ್ಮ ಕಂಪೈಲರೂ ಹೋಗುತ್ತದೆ. ಕಟ್ಟಿದವರಿಗೆ ಅವರ ಹುಬ್ಬಳ್ಳಿ ಕಚೇರಿಯಲ್ಲಿ ಕೆಲಸ. ಕೆಲಸ ಒಂದು, ನಾವು ಇಬ್ಬರು.

ಇದು ನಿನಗೆ ತಿಳಿದಿಲ್ಲ. ತಿಳಿಸಕೂಡದೆಂದು ಚೇರ್ಮನ್ನರ ಅಪ್ಪಣೆಯಾಗಿದೆ. ಚೇರ್ಮನ್ನರೆಂದರೆ ಶಂಭುಲಿಂಗಪ್ಪ, ನನ್ನ ಸ್ವಂತ ಕಾಕಾ. ಅಪ್ಪಣೆ ಮೀರಿ ಬರೆಯುತ್ತಿದ್ದೇನೆ. ಪ್ರೀತಿ ಉಕ್ಕಿ ಬರೆಯುತ್ತಿದ್ದೇನೆಂದು ತಿಳಿಯಬೇಡ.

ಮೊದಲು ನನ್ನ ಉರಿಯನ್ನು ಹೇಳಿಬಿಡುತ್ತೇನೆ. ನೀನು ಲಗ್ನವಾಗಿ ಹೋದ ಮೇಲೆ ಮಳೆಗಾಲವಿಡೀ ನಾನೊಬ್ಬಳೇ ಆ ಯಂತ್ರದ ಮುಂದೆ ತಲೆ ಚಚ್ಚಿಕೊಂಡೆ. ಸಣ್ಣ ಪ್ರೋಗ್ರಾಮ್ ಕೊಟ್ಟರೆ ಕಂಪೈಲರ್ ಅದನ್ನು ಯಂತ್ರದ ಭಾಷೆಗೆ ತಿರುಗಿಸುತ್ತಿತ್ತು. ಅದನ್ನೂ ನಾವು ಪ್ಯಾಸ್ಕಲ್‌ನಲ್ಲೇ ಬರೆದಿದ್ದೆವಲ್ಲ, ತನ್ನನ್ನೇ ತಾನು ತಿರುಗಿಸಿಕೋ ಎಂದರೆ ಅರ್ಧಕ್ಕೇ ಕಕ್ಕುತ್ತಿತ್ತು. ಅದೊಂದು ಆಗುವವರೆಗೆ ಒಂದು ಸಾಲು ಬದಲಿಸಿದರೂ ಯಂತ್ರವನ್ನು ಹತ್ತಿ ಅಂಡಿಗೆಗಳ ನಡುವೆ ಟೆಂಪೋದಲ್ಲಿ ಕೂರಿಸಿ ಹುಬ್ಬಳ್ಳಿಯ ಕಾಲೇಜಿಗೆ ಒಯ್ಯಬೇಕು, ಅಲ್ಲಿನ ಯಂತ್ರಕ್ಕೆ ವೈರು ಕಟ್ಟಬೇಕು, ಆ ಲ್ಯಾಬಿನವರ ಮುಖ ನೋಡಬೇಕು. ಯಂತ್ರದ ಭಾಷೆ ಹುಟ್ಟಿಸುವ ಭಾಗ ನಿನ್ನದು, ಫೈಲ್ ಓದುವ ಭಾಗ ನನ್ನದು. ತಪ್ಪು ನಿನ್ನ ಭಾಗದಲ್ಲೇ ಇದೆಯೆಂದು ನಾನು ದೇವರಾಣೆ ನಂಬಿದ್ದೆ. ನಂಬಿಕೆಯೆಂದರೆ ಆಸೆ.

ಆಗ ನೀನು ಬಂದೆ. ಯಮನೂರಿನ ತವರಿಗೆಂದು ಹೊರಟವಳು ಬಸ್ಸು ಬದಲಿಸಿ ಇಲ್ಲಿ ಇಳಿದೆ. ಬುರ್ಖಾ ಕುರ್ಚಿಯ ಬೆನ್ನಿಗೆ ಹಾಕಿ, ಕೈಯಲ್ಲಿ ಚಹಾದ ಕಪ್ಪು ಹಿಡಿದು, ಉದ್ದ ಪ್ರಿಂಟನ್ನು ನಿಂತುಕೊಂಡೇ ಓದಿದೆ. ಕಪ್ಪು ಖಾಲಿಯಾಗುವ ಮೊದಲೇ ಅಂದೆ: "ಗೌರಾ, ಕಡೀ ಅಂಡಿಗಿ ಗಚ್ಚ ತುಂಬೇತಂತ ನಿನಗ ಯಾರು ಹೇಳ್ಯಾರ ಬೇ?"

ಅಷ್ಟೇ. ನಮ್ಮ ಯಂತ್ರದ ಆಪರೇಟಿಂಗ್ ಸಿಸ್ಟಮ್ ಬೇರೆಯವುಗಳಂತಲ್ಲ, ಫೈಲನ್ನು ಒಂದೇ ಅಳತೆಯ ತುಂಡುಗಳ, ಅಂದರೆ ತುಂಬಿದ ಅಂಡಿಗೆಗಳ, ಲೆಕ್ಕದಲ್ಲಷ್ಟೇ ಅರಿಯುತ್ತದೆ. ಕೊನೆಯದು ಅರ್ಧ ಖಾಲಿಯಿದ್ದರೂ ಪೂರ್ತಿ ಎತ್ತಿ ಸುರಿಯುತ್ತದೆ. ತಳದಲ್ಲಿ ಉಳಿದಿದ್ದ ಹಳೆಯ ಕಸವನ್ನೂ ಪ್ರೋಗ್ರಾಮೆಂದು ನುಂಗಿ ಕಂಪೈಲರ್ ಸಾಯುತ್ತಿತ್ತು. ಓದುವ ಭಾಗ ನನ್ನದು. ನೀನು ಒಂದು ಸಾಲು ಸೇರಿಸಿದೆ, ಕಂಪೈಲರ್ ತನ್ನನ್ನು ತಾನು ತಿರುಗಿಸಿಕೊಂಡಿತು. ನೀನು ನಕ್ಕೆ, ನಾನೂ ನಕ್ಕೆ. ನಿನ್ನನ್ನು ಬಸ್ಸು ಹತ್ತಿಸಿ ಬಂದು ಆ ಚಹಾದ ಕಪ್ಪನ್ನು ಹಿತ್ತಲ ಗೋಡೆಗೆ ಬೀಸಿ ಒಡೆದೆ. ಓದುವ ಕಾಲಕ್ಕೆ ಧಾರವಾಡದ ಬೀದಿಯಲ್ಲಿ ನಿನ್ನ ಹೆಗಲಿಗೆ ಹೆಗಲು ಕೊಟ್ಟು ಘೋಷಣೆ ಕೂಗಿದವಳು ನಾನು. ಜಮೀನ್ದಾರನ ಮೇಲಿನ ಸಿಟ್ಟಿಗೆ, ಜಾತಿಯ ಮೇಲಿನ ಸಿಟ್ಟಿಗೆ ನಮ್ಮ ಚಳವಳಿಯಲ್ಲಿ ಘೋಷಣೆಗಳಿದ್ದವು. ಗೆಳತಿ ನನಗಿಂತ ಜಾಣೆ ಎಂಬ ಸಿಟ್ಟಿಗೆ ಯಾರೂ ಒಂದನ್ನೂ ಬರೆದುಕೊಡಲಿಲ್ಲ.

ಮಂಗಳವಾರ ಸೊಸಾಯಿಟಿಯ ಸಭೆ ಕೂಡಿತು. ಕಾಕಾ ನನ್ನನ್ನು ಎದುರು ಕೂರಿಸಿಕೊಂಡು, "ಜರೀನಾ ಲಗ್ನಾಗಿ ಹೋದಾಕಿ. ಆಕಿಗೆ ಇನ್ನ ಹೆಸರ್ಯಾಕ, ಕೆಲಸ್ಯಾಕ? ಆಕಿ ಬರದದ್ದು ಅಳಿಸಿ ನೀನ ಹೊಸಾದು ಬರಿ. ಎಲ್ಲಾ ನಿಂದ ಆಗತೈತಿ" ಎಂದರು. ಆಗ ನನಗೆ ಸಿಟ್ಟು ಬಂತೆಂದು ನೀನು ಎಣಿಸಬಹುದು. ಇಲ್ಲ ಜರೀನಾ, ಸುಖವಾಯಿತು. ಬೇಸಿಗೆಯಲ್ಲಿ ತಣ್ಣೀರು ಮೈಮೇಲೆ ಬಿದ್ದಂಥ ಸುಖ. ಹುಬ್ಬಳ್ಳಿಯ ಕಚೇರಿ, ನನ್ನ ಕುರ್ಚಿ, ಎಲ್ಲವೂ ಕಣ್ಣಿಗೆ ಕಟ್ಟಿತು. ಡೈರೆಕ್ಟರ್ ಮಲಕಪ್ಪ ವೀಳ್ಯದೆಲೆ ಮಡಚುತ್ತ, "ಹೌದವ್ವಾ, ಪೂರಾ ತೊಳದ್ ಹಾಕು. ಸಾಬರ ಹುಡುಗಿ ಕೈ ಮುಟ್ಟಿದ್ದು ಏನೂ ಉಳೀಬಾರ್ದು" ಅಂದ. ನಾಲ್ಕು ಮಂದಿ ನಕ್ಕರು. ನನ್ನ ಸುಖ ಅಲ್ಲಿಗೇ ಒಡೆಯಿತು.

ನಮ್ಮ ಅವ್ವ ಒಮ್ಮೆ ಮೊಸರು ಚೆಲ್ಲಿದ್ದು ನಿನಗೆ ನೆನಪಿರಬೇಕು. ನೀನು ನಮ್ಮ ಬಾಜೂ ಮನೆಯಲ್ಲಿ ಬಾಡಿಗೆಗೆ ಇದ್ದಾಗ ನಿನ್ನ ಬಟ್ಟಲಿನ ಹೆಪ್ಪು ಹಾಕಿ ನಾನು ಹಾಲು ಹೆಪ್ಪುಗಟ್ಟಿಸಿದ್ದೆ. ಅವ್ವನಿಗೆ ಗೊತ್ತಾಗಿ ಇಡೀ ಗಡಿಗೆಯನ್ನು ಎಮ್ಮೆಯ ಬಾನಿಗೆ ಸುರುವಿದಳು. ನೀನು ಮರುದಿನ ಅಂದಿದ್ದೆ, "ಮೊಸರಾದ್ರ ಚೆಲ್ಲಬಹುದು ಬಿಡು. ಕಂಪೈಲರ್‌ಗೆ ನಾ ಹೆಪ್ಪು ಹಾಕೇನಿ, ಅದನ್ನೆಲ್ಲಿ ಚೆಲ್ಲತಾಳ ನಿಮ್ಮವ್ವ?" ಎಂದು.

ಸಭೆಯಲ್ಲಿ ನಾನು ಅದನ್ನೇ ಹೇಳಿದೆ: ಕಾಕಾ, ಕಂಪೈಲರ್ ಬರೆದಿರುವುದೂ ಪ್ಯಾಸ್ಕಲ್‌ನಲ್ಲೇ. ಮತ್ತೆ ಹುಬ್ಬಳ್ಳಿಗೆ ಒಯ್ದು ಮೊದಲಿನಿಂದ ಮಾಡಲು ಇನ್ನೆರಡು ವರ್ಷ ಬೇಕು; ಇಲ್ಲಿ ಹೊಸದು ಬರೆದರೂ ಅದನ್ನು ಯಂತ್ರದ ಭಾಷೆಗೆ ತಿರುಗಿಸಲು ಈಗಿರುವುದೇ ಬೇಕು. ನಿನ್ನೆಯ ಮೊಸರಿನಿಂದ ಇಂದಿನದು, ಇಂದಿನದರಿಂದ ನಾಳೆಯದು. ಜರೀನಾ ಬರೆದ ಪ್ರತಿ ಸಾಲನ್ನೂ ನಾನು ಅಳಿಸಬಲ್ಲೆ, ಆದರೆ ಈ ಯಂತ್ರದ ಮೇಲೆ ಮುಂದೆ ಹುಟ್ಟುವುದೆಲ್ಲ ಆಕೆಯ ಹೆಪ್ಪಿನಿಂದಲೇ ಹುಟ್ಟುತ್ತದೆ. ನಿಮ್ಮ ತೂಕದ ಚೀಟಿ, ಮಲಕಪ್ಪನವರ ಹತ್ತಿಯ ಪಟ್ಟಿ, ಎಲ್ಲಾ. ತೊಳೆಯಬೇಕೆಂದರೆ ಯಂತ್ರವನ್ನೇ ಹಳ್ಳಕ್ಕೆ ಹಾಕಬೇಕಾಗುತ್ತದೆ.

ಮಲಕಪ್ಪ ಎಲೆ ಬಾಯಿಗಿಡುವುದನ್ನು ಮರೆತ. ಕಾಕಾ ಸಣ್ಣ ದನಿಯಲ್ಲಿ ಕೇಳಿದರು: "ಹಂಗಾರ ನಿನಗೇನ್ ಬೇಕು?"

"ಇಬ್ಬರ ಹೆಸರೂ ಬರಬೇಕ್ರಿ. ಇಲ್ಲಾಂದ್ರ ನಂದೂ ಬ್ಯಾಡ. ಸೋಮವಾರ ಆಕೀನೂ ಬರತಾಳ."

"ಆಕಿ ಬಂದು ಬಾಯಿ ತಗದ್ಲಂದ್ರ ಕೆಲಸ ಆಕಿಗೇ ಹೋಗತೈತಿ, ಹುಚ್ಚಿ."

"ಗೊತ್ತೈತ್ರಿ ಕಾಕಾ."

ಗೊತ್ತಿದೆ ಅಂತ ಗತ್ತಿನಿಂದ ಅಂದು ಮನೆಗೆ ಬಂದೆ. ಇದು ತ್ಯಾಗವೆಂದು ನೀನು ನಾಲ್ಕು ಜನರ ಮುಂದೆ ಹೇಳಿದರೆ ನಿನ್ನ ಜೊತೆ ಮಾತು ಬಿಡುತ್ತೇನೆ. ನಿನ್ನನ್ನು ನಾನು ಸೋಲಿಸಬೇಕು ಜರೀನಾ. ಕಾಕಾನ ಕುರ್ಚಿ, ಮಲಕಪ್ಪನ ನಗು, ನಿನ್ನ ಲಗ್ನ, ನಿನ್ನ ಜಾತಿ ಇವೆಲ್ಲ ಕೂಡಿ ನಿನ್ನನ್ನು ಸೋಲಿಸಿ, ಆ ಗೆಲುವನ್ನು ನನ್ನ ಉಡಿಗೆ ತುಂಬಿದರೆ ನಾನು ಅದನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಲಿ? ನೀನು ಎದುರಿಗಿಲ್ಲದೆ ನಾನು ಮೊದಲನೆಯವಳಾದರೆ ಆ ಮೊದಲಿಗೆ ಅರ್ಥವೇನು?

ಆದ್ದರಿಂದ ಸೋಮವಾರ ಮುಂಜಾನೆಯ ಬಸ್ಸಿಗೆ ಬಾ. ನಿನ್ನ ಅತ್ತೆ ಬೇಡವೆಂದರೆ ಫಕ್ರುಸಾಬರಿಗೆ ಹೇಳು. ನಿನ್ನ ಗಂಡನಾದ ತಪ್ಪಿಗೆ ಅಷ್ಟಾದರೂ ಮಾಡಲಿ. ಕಂಪನಿಯವನ ಮುಂದೆ ನಾವಿಬ್ಬರೂ ಕೂರೋಣ. ಅವನು ಕೇಳಲಿ, ನೀನು ಹೇಳು, ನಾನೂ ಹೇಳುತ್ತೇನೆ. ಒಂದು ಪ್ರಶ್ನೆಯನ್ನೂ ನಿನಗೆ ಬಿಟ್ಟುಕೊಡುವುದಿಲ್ಲ. ಕೆಲಸ ನಿನಗೆ ಹೋದರೆ ಅತ್ತು ಬಿಡುತ್ತೇನೆ, ನಿನ್ನೆದುರಿಗೇ ಅಳುತ್ತೇನೆ, ನೀನು ಸಮಾಧಾನ ಮಾಡಲು ಬರಬೇಡ.

ನಿನ್ನ ಎದುರಾಳಿ,
ಗೌರಾ

ತಾ.ಕ.: ಕಂಪೈಲರ್ ಶುರುವಾದಾಗ ಪರದೆಯ ಮೊದಲ ಸಾಲಿನಲ್ಲಿ ಇಬ್ಬರ ಹೆಸರೂ ಬರುವಂತೆ ನಿನ್ನೆಯೇ ಬರೆದಿದ್ದೇನೆ. ನನ್ನದು ಮೊದಲು, ನಿನ್ನದು ಆಮೇಲೆ. ಅಕ್ಷರಮಾಲೆಯ ಪ್ರಕಾರ ಹಾಕಿದೆನೆಂದು ಕಾಕಾಗೆ ಹೇಳಿದ್ದೇನೆ. ನಿನಗೆ ಆ ಸುಳ್ಳು ಹೇಳುವುದಿಲ್ಲ. ನಿನ್ನ ಹೆಸರು 'ಅ'ದಿಂದ ಶುರುವಾಗಿದ್ದರೂ ನನ್ನದನ್ನೇ ಮೊದಲು ಹಾಕುತ್ತಿದ್ದೆ.