ಕೇಳದೆ ಎದ್ದ ಕೈ

ಶಿರಾ
೧೨-೨-೧೯೮೯

ಪ್ರೀತಿಯ ಜಗದಾಂಬಾ,

ನಾವಿಬ್ಬರೂ ಇದ್ದೇವೆ, ಇದ್ದ ಹಾಗೆ. ಪಾವಗಡದಲ್ಲಿ ನೀನು, ಅಳಿಯಂದಿರು, ಪಾಪು ಹೇಗಿದ್ದೀರಿ? ನಿನ್ನ ಕಾಗದ ಬಂದು ತಿಂಗಳಾಯಿತು. ಬರೆಯಲು ಕೂತರೆ ನಿಮ್ಮಪ್ಪನಿಗೆ ನೀರು ಬೇಕು, ದಿಂಬು ಬೇಕು. ಬೈದುಕೋಬೇಡ.

ಸೈಕಲ್ಲಿನಿಂದ ಬಿದ್ದು ತಲೆಗೆ ಪೆಟ್ಟಾದಾಗಿನಿಂದ ಅವರ ಬಲಗೈ ಕೊರಡಾಗಿತ್ತಲ್ಲ, ಹೋದ ವಾರ ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಅಲ್ಲೊಂದು ಹೊಸ ಯಂತ್ರ ಬಂದಿದೆ. ಹಿಡಿಯಿರುವ ದೊಡ್ಡ ಬಳೆಯಂಥದ್ದನ್ನು ತಲೆಯ ಮೇಲಿಟ್ಟು ಗುಂಡಿ ಒತ್ತಿದರೆ ಟಕ್ ಎನ್ನುತ್ತದೆ. ಅಯಸ್ಕಾಂತದ ಶಕ್ತಿಯಂತೆ, ಸೂಜಿಯಿಲ್ಲ, ಕೊಯ್ಯುವುದಿಲ್ಲ. ಮೆದುಳಿನಿಂದ ಕೈಗೆ ದಾರಿ ಉಳಿದಿದೆಯೇ ಎಂದು ಅದರಿಂದ ತಿಳಿಯುತ್ತದಂತೆ. ವಯಸ್ಸಿನಿಂದ ಎಷ್ಟು ಮಂದವಾಗಿದೆ, ಪೆಟ್ಟಿನಿಂದ ಎಷ್ಟು ಎಂದು ಹೋಲಿಸಲು ಪೆಟ್ಟಾಗದ ಮುದುಕರೂ ಬೇಕಂತೆ. "ನೀವೂ ಕೂತ್ಕೊಳ್ಳಿ ಅಮ್ಮ" ಎಂದರು ಡಾಕ್ಟರು. ಟಕ್ ಎಂದದ್ದೇ ನನ್ನ ಹೆಬ್ಬೆರಳು ನನ್ನನ್ನು ಕೇಳದೆ ಎಗರಿತು. "ನಾನು ಆಡಿಸಲಿಲ್ಲ ಕಣಪ್ಪ" ಎಂದು ನಕ್ಕುಬಿಟ್ಟೆ.

ನಿಮ್ಮಪ್ಪನಿಗೆ ಮೊದಲು ಏನೂ ಆಗಲಿಲ್ಲ. "ಮುಷ್ಟಿ ಕಟ್ಟೋಕೆ ಮನಸ್ಸು ಮಾಡಿ ಮೇಷ್ಟ್ರೇ" ಎಂದು ಮತ್ತೆ ಒತ್ತಿದರು. ಬೆರಳುಗಳು ಎದ್ದವು. "ನೋಡಿದ್ಯೇನೇ ಲಕ್ಷ್ಮೀ" ಎಂದು ಅವರು ಅತ್ತೇಬಿಟ್ಟರು. ದಾರಿ ಪೂರ್ತಿ ಮುಚ್ಚಿಲ್ಲ, ದಿನಾ ಮಡಿಸಿ ಬಿಡಿಸಿ ಅಭ್ಯಾಸ ಮಾಡಿಸಿದರೆ ಕೈ ಬರಬಹುದಂತೆ. ಮಾಡಿಸುವವಳು ನಾನೇ.

ಬೀದಿಗೆಲ್ಲ ಸಂತೋಷ. ಪಕ್ಕದ ಮನೆ ಖಾಜಾಬಿ, "ಮೇಷ್ಟ್ರ ಕೈ ಬಂದ್ಬುಟ್ರೆ ದರ್ಗಾದಾಗೆ ಸಕ್ಕರೆ ಓದಿಸ್ತೀನಿ ಕಣಮ್ಮ. ನೀನ್ಯಾಕೆ ಇಂಗೆ ಮಂಕಾಗಿದ್ದೀಯಾ?" ಎಂದಳು. ನಿದ್ದೆಯಿಲ್ಲ ಎಂದೆ.

ಪಾಪುವಿಗೆ ಮುತ್ತು. ನಿನ್ನ ಮನೆ ತಣ್ಣಗಿರಲಿ, ನಿನ್ನ ಮೇಲೆ ಯಾರ ದನಿಯೂ ಏರದಿರಲಿ.

ನಿನ್ನ ಅಮ್ಮ,
ಮಹಾಲಕ್ಷ್ಮಮ್ಮ

ವಿ.ಸೂ.: ಅವರ ಬೆರಳು ಎದ್ದಾಗ ನನ್ನ ಕೈ ಕೆನ್ನೆಗೆ ಅಡ್ಡ ಬಂತು, ಜಗದಾ. ನಾನು ಆಡಿಸಲಿಲ್ಲ. ನನ್ನ ತಲೆಯ ಮೇಲೆ ಆಗ ಯಂತ್ರವೂ ಇರಲಿಲ್ಲ. "ಸದ್ದಿಗೆ ಹೆದರ್ಕೊಂಡ್ರಾ ಅಮ್ಮ?" ಎಂದರು ಡಾಕ್ಟರು. ಹೂಂ ಎಂದೆ. ಆ ಕೈಯಿಂದ ನಾನು ತಿಂದ ಏಟುಗಳನ್ನು ಕಂಡವಳು ನೀನೊಬ್ಬಳೇ. ಅಪ್ಪನನ್ನು ನೋಡಲು ಯಾಕೆ ಬರಲಿಲ್ಲವೆಂದು ನಾನು ಕೇಳುವುದಿಲ್ಲ. ಇವತ್ತು ಆ ಕೈಗೆ ಎಣ್ಣೆ ತಿಕ್ಕುವಾಗ ಅವರಿಗೆ ಜೋಂಪು ಹತ್ತಿತ್ತು. ಕಿರುಬೆರಳು ತಾನಾಗಿ ಮಡಚಿಕೊಂಡಿತು. ಅವರಿಗಿನ್ನೂ ಹೇಳಿಲ್ಲ.