ಕಾಲುವೆಗೆ ನೀರು ಬಿಟ್ಟ ದಿನ

ಜುಲೈ ೧೪, ಸೋಮವಾರ. ಹೊಸಪೇಟೆ.

ಕಣ್ಣು ಮುಚ್ಚಿದರೆ ಆ ಹೆಂಗಸಿನ ಮುಖವೇ ಬರುತ್ತಿದೆ.

ಇವತ್ತು ಕಾಲುವೆಗೆ ನೀರು ಬಿಟ್ಟರು. ಸಂಜೆ ಕಂಪ್ಲಿಯಿಂದ ಉಚ್ಚಂಗೆಮ್ಮ ಎಂಬಾಕೆ ಬಂದು, ‘ಇಂಜಿನಿಯರ್ ಸಾಹೇಬ್ರು ಅದಾರೇನ್ರಿ?’ ಎಂದಳು. ತಾತ ಮಾರ್ಚಿನಲ್ಲಿ ತೀರಿಕೊಂಡರೆಂದೆ. ಹೊಸ್ತಿಲ ಮೇಲೆಯೇ ಕುಳಿತು ತನ್ನ ಕಥೆ ಹೇಳಿದಳು.

ಚಿಕ್ಕವಳಿದ್ದಾಗ, ಅವ್ವ ಗದ್ದೆ ಕೆಲಸದಲ್ಲಿದ್ದಾಗ, ಆಕೆ ಒಣಗಿದ ಕಾಲುವೆಯೊಳಗೆ ಸೇತುವೆಯ ನೆರಳಿನಲ್ಲಿ ಮಲಗಿಬಿಟ್ಟಿದ್ದಳಂತೆ. ಅಂದು ನೀರು ಬಿಡುವ ದಿನ; ಗೇಟು ಎತ್ತಲು ಮೇಲಿನವರ ಅವಸರ. ತಾತ ಮಾತ್ರ, ಒಮ್ಮೆ ನಡೆದು ನೋಡಿ ಬರುತ್ತೇನೆಂದು ಹಟ ಹಿಡಿದು ಹೊರಟರಂತೆ. ಮಗುವನ್ನು ಎತ್ತಿಕೊಂಡು ಬಂದು ಅವ್ವನ ಕೈಗಿಟ್ಟ ಮೇಲೆಯೇ ಗೇಟು ಎತ್ತಿಸಿದರಂತೆ.

ನಮಗೆ ಇದನ್ನು ಎಂದೂ ಹೇಳಲಿಲ್ಲ. ನೀರು ಬಿಡುವ ದಿನ ಊಟ ಬಿಟ್ಟು ಎಲ್ಲಿಗೋ ಹೋಗಿಬರುತ್ತಿದ್ದುದಷ್ಟೇ ಗೊತ್ತು.

‘ಪ್ರತಿ ವರ್ಷ ನಮ್ ಮನಿಗೆ ಬರ್ತಿದ್ರು. ನನಗ ಮೊಮ್ಮಕ್ಳಾದ್ರೂ ಬಿಡ್ಲಿಲ್ಲ. ಉಚ್ಚಂಗಿ ಮನ್ಯಾಗ ಅದಾಳೇನು ಅಂತ ಕೇಳಿ, ನನ್ ಮುಖ ನೋಡಿ ಹೋಗ್ತಿದ್ರು. ಇವತ್ತು ಭಾಳ ಹೊತ್ತು ಕಾದೆ...’

ಅಷ್ಟು ವರ್ಷವೂ ತಾತನಿಗೆ ಆ ದಿನ ಮುಗಿದಿರಲೇ ಇಲ್ಲ.

ಆಮೇಲೆ ಆಕೆ ಎದ್ದು ಒಳಗೆ ಬಂದು ಫೋಟೋದ ಮುಂದೆ ನಿಂತಳು. ‘ಸಾಹೇಬ್ರೇ, ನಾನು ಮನ್ಯಾಗ ಅದೀನ್ರಿ.’

ತಾತನಿಗೆ ಕಿವಿ ಮಂದವೆಂದು ಆಕೆಗೂ ಗೊತ್ತಿತ್ತು. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದಳು.