ಟ್ರ್ಯಾಕ್ಟರಿಗೂ ಸೋಮವಾರ

ಹಾಲಸ್ವಾಮಿ,

ನೀನು ಏಳುವ ಮೊದಲೇ ಎಮ್ಮಿಗನೂರಿನ ಬಸ್ಸಿಗೆ ಹೊರಟಿದ್ದೇನೆ. ಇಂದು ಟ್ರ್ಯಾಕ್ಟರಿನ ಹ್ಯಾಂಡಲ್ ಮುಟ್ಟಬೇಡ.

ಸೋಮವಾರ ಹೂಡಬಾರದೆಂಬುದು ಎತ್ತಿಗೆ, ಯಂತ್ರಕ್ಕಲ್ಲ ಎಂದು ನಿನ್ನೆ ಊಟಕ್ಕೆ ಕೂತಾಗ ಅವ್ವನಿಗೆ ಹೇಳಿ ನೋಡಿದೆ. ಆಕೆ ಕೇಳಿದಳು: "ಅದು ಬಂದ ದಿನ ವಿಭೂತಿ ಹಚ್ಚಿ, ಗಂಟಿ ಕಟ್ಟಿ, ಬಸವಣ್ಣ ಬಂದಾನ ಅಂತ ನನ್ನ ಕೈಲೆ ಆರತಿ ಮಾಡಿಸಿದಾಂವ ಯಾರು? ಬರೂವಾಗ ಬಸವಣ್ಣ, ದುಡಿಯೂವಾಗ ಕಬ್ಬಿಣ ಏನು?" ಮಾಡಿಸಿದವನು ನೀನು. ಬೈಸಿಕೊಂಡವನು ನಾನು.

ಈಗಿನ ಸ್ಥಿತಿ ಇದು. ಬಾವಿಯ ಕೆಳಗಿನ ಮೂರು ಎಕರೆಯಲ್ಲಿ ಎರಡೂವರೆ ಸಮವಾಗಿದೆ. ಉಳಿದ ಅರ್ಧ ಎಕರೆ ದಿಬ್ಬ ನೀರಿನ ದಾರಿಯಲ್ಲೇ ಇದೆ. ಅದು ತಗ್ಗದಿದ್ದರೆ ಆಚೆಯ ಎರಡೂವರೆಗೂ ನೀರು ತಲುಪದು, ಈ ವರ್ಷವೂ ಮಳೆಯ ಮೋರೆ ನೋಡಬೇಕು. ಐದು ದಿನಕ್ಕೆಂದು ಕೇಳಿ ತಂದ ಈ ಹಳೆಯ ಪುಟ್ಟ ಗಾಡಿಯನ್ನು ನಾಳೆ ಬೆಳಗ್ಗೆ ಎಮ್ಮಿಗನೂರಿನ ಚನ್ನಬಸಯ್ಯನವರಿಗೆ ಮರಳಿಸಬೇಕು.

ನೀನು ದಿಬ್ಬದ ಕಲ್ಲು ಆಯ್ದು, ಜಾಲಿಯ ಬೇರು ಕಿತ್ತಿಡು. ಮೊನ್ನೆಯಂತೆ ಬೇರಿನ ಮೇಲೆ ಮಣ್ಣೆಳೆದು ಕಿತ್ತೆ ಎನ್ನಬೇಡ. ಅದಕ್ಕೆ ಟ್ರ್ಯಾಕ್ಟರಿನ ಮಣ್ಣು ಸರಿಸುವ ಹಲಗೆ ಸಿಕ್ಕಿ ಅರ್ಧ ದಿನ ಹಾಳಾಯಿತು. ಬಿಸಿಲಿದೆ, ರುಮಾಲು ಸುತ್ತಿಕೊ.

ನಾನು ನಾಳೆಯ ದಿನವನ್ನು ಕೇಳಿಯೇ ತರುತ್ತೇನೆ. ಚನ್ನಬಸಯ್ಯನವರ ನಾಲ್ಕು ಜೋಡಿ ಎತ್ತೂ ಇಂದು ಕೊಟ್ಟಿಗೆಯಲ್ಲೇ ಮಲಗಿರುತ್ತವೆ. ಅಂಥವರು ನಮ್ಮ ಐದು ದಿನಗಳಲ್ಲಿ ಸೋಮವಾರವನ್ನು ಹೇಗೆ ಎಣಿಸುತ್ತಾರೆ?

ಅಣ್ಣ